ಗಂಟೆಗೊಂದು ಸಲ ಜ್ವರ

ತೆರಕಣಾಂಬಿಯ ಬಸ್‌ಸ್ಟಾಪಿನಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದ ಮೇಘನಾಳ ಪಕ್ಕಕ್ಕೆ ಒಬ್ಬ ಹೆಂಗಸು, ಆಕೆಯ ಅಣ್ಣನ ಮಗಳು ಬಂದು ಕೂತರು. ಮೇಘನಾ ಮೊಬೈಲಿಗೆ ತಲೆ ತಗ್ಗಿಸಿದಳು. ಕಿವಿ ಮಾತ್ರ ಅತ್ತಲೇ.

“ಎಮ್ಮೆಸ್ಸೀಲಿ ಫಸ್ಟು ಬಂದವ್ಳು ಅಂತ ನಿನ್ ನಂಬಿ ಅವ್ವನ್ನ ಬುಟ್ಟು ಮದ್ವೆಗೋದ್ನಲ್ಲ ಕಣಮ್ಮಿ!”

“ಗಂಟೆಗೊಂದ್ಸಲ ಜ್ವರ ನೋಡಿ ಬರ್ದಿಟ್ಟೆ ಅತ್ತೆ. ಗ್ರಾಫೂ ಹಾಕ್ದೆ.”

“ಗ್ರಾಫ್ ಕುಡ್ದಾರಾ? ಗಂಜಿ ಲೋಟ ಮುಚ್ಚಿಟ್ಟಂಗೇ ಇತ್ತಲ್ಲ, ಕಾಣ್ನಿಲ್ವಾ?”

“ಬೇಕಾದಾಗ ಕುಡೀತಾರೆ ಅನ್ಕೊಂಡೆ.”

“ಲಿಂಗಪೂಜೆ ಮಾಡ್ದೆ ಅವ್ವ ತೊಟ್ಟು ನೀರೂ ಮುಟ್ಟಲ್ಲ. ಹುಟ್ಟಿದಾಗಿಂದ ನೋಡಿದ್ದೀಯ. ಜ್ವರದಲ್ಲಿ ಎದ್ದು ಸ್ನಾನ ಮಾಡಕ್ಕಾದದಾ? ಬಿಸ್ನೀರಲ್ಲಿ ಮೈ ಒರ್ಸಿ, ಇಬೂತಿ ತಟ್ಟೆ ಮುಂದಿಟ್ಟಿದ್ರೆ ಸಾಕಾಗಿತ್ತು. ಎರಡು ದಿನ ಉಪಾಸ ಕೆಡವ್ಬುಟ್ಟೆ.”

ಹುಡುಗಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಈಗೆಂಗವ್ರೆ?”

“ಡ್ರಿಪ್ ಹಾಕವ್ರೆ. ಇವತ್ತು ಕಣ್ ಬುಟ್ರು.”

“ನಾನು ಆಸ್ಪತ್ರೆ ಗೇಟ್‌ಗಂಟ ಬತ್ತೀನಿ. ಒಳಗೆ ನೀವೇ ಓಗಿ. ಅಜ್ಜಿ ಬಯ್ತಾರೆ.”

“ಬಯ್ದಿದ್ರೆ ಒಳ್ಳೇದಿತ್ತು. ‘ಮಗು ಏನೋ ಬರೀತಾ ಕೂತಿತ್ತು, ಓದಿಗೆ ತೊಂದ್ರೆ ಆಯ್ತದೆ ಅಂತ ಕೂಗ್ನಿಲ್ಲ’ ಅಂದ್ರು.”

ಹುಡುಗಿ ಮುಖ ಮುಚ್ಚಿಕೊಂಡಳು. ಮೇಘನಾಳಿಗೂ ತಲೆ ಎತ್ತಲಾಗಲಿಲ್ಲ.

ಚಾಮರಾಜನಗರದ ಬಸ್ಸು ಬಂತು. ಅತ್ತೆ ಮುಂದಾದರು. ಹುಡುಗಿ ಎದ್ದು ನಿಂತವಳು ಹೆಜ್ಜೆ ಕೀಳಲಿಲ್ಲ. ಕಂಡಕ್ಟರ್ ಸೀಟಿ ಊದಿದ ಮೇಲೆ ಓಡಿಹೋಗಿ ಹತ್ತಿದಳು.

“ಅತ್ತೆ, ವಾರ್ಡಲ್ಲಿ ಬಿಸ್ನೀರು ಸಿಕ್ತದಾ?” ಎಂದು ಕೇಳಿದ್ದು ಮೇಘನಾಳ ಕಿವಿಗೆ ಬಿತ್ತು. ಅತ್ತೆ ಏನೆಂದರೋ, ಬಸ್ಸು ಹೊರಟುಹೋಯಿತು.