ಮೂರನೆಯ ಚೀಲದ ಬಗ್ಗೆ ಲೈಬ್ರರಿ ಮೇಷ್ಟ್ರ ಮರುಹೇಳಿಕೆ

ನಾನು, ಬೀದಿಯಲ್ಲಿ ಎಲ್ಲರೂ ಲೈಬ್ರರಿ ಮೇಷ್ಟ್ರು ಎಂದು ಕರೆಯುವವನು, ವಯಸ್ಸು 68 ವರ್ಷ, ನಿವೃತ್ತ ಗ್ರಂಥಪಾಲಕ, ಕಾಲುವೆ ರಸ್ತೆಯ 27ನೇ ಮನೆಯ ಕೆಳಮಹಡಿಯಲ್ಲಿ ವಾಸ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಈ ತಿಂಗಳ 12ರಂದು ನಾನು ಕೊಟ್ಟ ದೂರು ತಪ್ಪು. ಅದನ್ನು ಹಿಂತೆಗೆದುಕೊಂಡು ಸುಮ್ಮನಾಗಲು ಬಂದಿಲ್ಲ, ತಿದ್ದಲು ಬಂದಿದ್ದೇನೆ.

ನಮ್ಮ ವಾರ್ಡಿನಲ್ಲಿ ನಾಲ್ಕು ತಿಂಗಳಿಂದ ಕಸವನ್ನು ಮನೆಬಾಗಿಲಲ್ಲೇ ತೂಗಿ, ತೂಕಕ್ಕೆ ತಕ್ಕ ಶುಲ್ಕ ಹಾಕುತ್ತಾರೆ. ತೊಳೆದು ಬೇರ್ಪಡಿಸಿ ಕೊಟ್ಟ ಗಾಜು, ಕಾಗದ, ಪ್ಲಾಸ್ಟಿಕ್ಕಿಗೆ ಶುಲ್ಕವಿಲ್ಲ. ಈ ಪದ್ಧತಿ ಬರಲೆಂದು ಹನ್ನೊಂದು ವರ್ಷ ಪತ್ರಿಕೆಗಳಿಗೆ ಬರೆದವನು ನಾನು. ನಮ್ಮ ರಸ್ತೆ ಪಕ್ಕದ ಕಾಲುವೆಯಲ್ಲಿ ನಾನು ಚಿಕ್ಕಂದಿನಲ್ಲಿ ಈಜಿದ್ದೇನೆ; ತಳದ ಕಲ್ಲು ಕಾಣುತ್ತಿತ್ತು. ಅತಿ ಕಡಿಮೆ ಕಸದ ಮನೆಯೆಂದು ವಾರ್ಡ್ ಕಚೇರಿಯ ಫಲಕದಲ್ಲಿ ನಾಲ್ಕು ತಿಂಗಳೂ ನಮ್ಮ ಮನೆಯೇ ಮೊದಲು. ವಾರದ ತೂಕವನ್ನು ನಾನು ಅಡುಗೆಮನೆ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಿದ್ದೆ.

12ರಂದು ಬೆಳಿಗ್ಗೆ 6.40ಕ್ಕೆ ವಾಕಿಂಗ್ ಹೋದಾಗ, ಮನೆಯಿಂದ 340 ಹೆಜ್ಜೆ ದೂರದ ಕಾಲುವೆ ಸೇತುವೆಯ ಕೆಳಗೆ ಕಸ ತುಂಬಿದ ಕಪ್ಪು ಚೀಲಗಳನ್ನು ಕಂಡೆ. ನಮ್ಮ ಬೀದಿಯ ಕಸ ಒಯ್ಯುವ, ನಾವೆಲ್ಲ ಗಾಡಿಯಕ್ಕ ಎನ್ನುವ ಹೆಂಗಸು ಕೈಯಲ್ಲಿ ಒಂದು ಚೀಲ ಹಿಡಿದು ಅಲ್ಲಿ ನಿಂತಿದ್ದಳು. ತೂಗಿದ ಕಸವನ್ನು ಇಲ್ಲೇ ಸುರಿಯುತ್ತಿದ್ದೀಯಾ ಎಂದು ಕೇಳಿದೆ. "ಎತ್ತಿ ಗಾಡಿಗೆ ಹಾಕ್ತಿದ್ದೀನಿ ಮೇಷ್ಟ್ರೇ, ಬಿಸಾಕ್ತಿಲ್ಲ. ಕಣ್ಣು ಬಿಟ್ಟು ನೋಡಿ," ಎಂದಳು. ನಾನು ನೋಡಲಿಲ್ಲ. ಹತ್ತು ಗಂಟೆಗೆ ಇದೇ ಠಾಣೆಯಲ್ಲಿ ಎರಡು ಪುಟದ ದೂರು ಕೊಟ್ಟು, ಪ್ರತಿಯನ್ನು ವಾರ್ಡ್ ಕಚೇರಿಗೂ ಕೊಟ್ಟೆ. ಮರುದಿನ ಆಕೆಯನ್ನು ಕೆಲಸದಿಂದ ನಿಲ್ಲಿಸಿದರು.

ನಿನ್ನೆ, ಅಂದರೆ 16ರಂದು, ಬೆಳಿಗ್ಗೆ 11.15ಕ್ಕೆ ಹೆಡ್ ಕಾನ್‌ಸ್ಟೇಬಲ್ ನಮ್ಮಿಬ್ಬರನ್ನೂ ಸೇತುವೆ ಬಳಿ ಕರೆಸಿ ಮಹಜರು ಮಾಡಿದರು. ಅಲ್ಲಿ ಬಿದ್ದಿದ್ದ ಚೀಲಗಳನ್ನು ಒಂದೊಂದಾಗಿ ಬಿಚ್ಚಿಸಿದಾಗ, ಮೂರನೆಯ ಚೀಲದಲ್ಲಿ ತರಕಾರಿ ಸಿಪ್ಪೆಯ ನಡುವೆ ಒಂದು ಕೆಮ್ಮಿನ ಔಷಧಿ ಬಾಟಲಿ ಇತ್ತು. ಅದರ ಮೇಲೆ ಒಂದು ಚೀಟಿ, ಚೀಟಿಯಲ್ಲಿ ಬಾಟಲಿ ತೆರೆದ ದಿನಾಂಕ. ಔಷಧಿಯಿಂದ ಹಿಡಿದು ಬೂಟ್ ಪಾಲಿಶ್ ಡಬ್ಬಿಯವರೆಗೆ ಹೀಗೆ ಚೀಟಿ ಅಂಟಿಸುವುದು, ಮೂವತ್ತು ವರ್ಷ ಪುಸ್ತಕಗಳಿಗೆ ಚೀಟಿ ಅಂಟಿಸಿದ ನನ್ನ ಅಭ್ಯಾಸ. ಅಕ್ಷರ ನನ್ನದು. ಇದು ಯಾರದೆಂದು ಹೆಡ್ ಕಾನ್‌ಸ್ಟೇಬಲ್ ಎರಡು ಸಲ ಕೇಳಿದರು. ನಾನು ಚೀಲಕ್ಕೆ ಕೈ ಹಾಕಿದೆ. ಗಾಡಿಯಕ್ಕ ತನ್ನ ಕೈಗವಸು ಬಿಚ್ಚಿ ನನಗೆ ಕೊಟ್ಟು, "ಹಾಕ್ಕೊಳ್ಳಿ, ಒಳಗೆ ಒಡೆದ ಗಾಜಿರುತ್ತೆ," ಎಂದಳು.

ಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. "ನೂರು ಗ್ರಾಂ ಜಾಸ್ತಿಯಾದ್ರೆ ಸಂಜೆವರೆಗೆ ಭಾಷಣ. ಬಾಟಲಿ ತೊಳೆದಿಲ್ಲ ಅಂದ್ರೆ ಇನ್ನೊಂದು ಭಾಷಣ. ನಿಮಗೆ ತೂಕ ಕಮ್ಮಿಯಾಗ್ಬೇಕಿತ್ತು, ಕಮ್ಮಿ ಮಾಡಿದ್ವಿ," ಎಂದಳು. ಚೀಲ ಕಟ್ಟುತ್ತಿದ್ದವಳು ಅವಳು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಒಯ್ದು ಎಸೆಯುತ್ತಿದ್ದವನು ಮೇಲ್ಮಹಡಿಯಲ್ಲಿರುವ ನನ್ನ ತಮ್ಮ. ಫಲಕ ನೋಡಿ ಹಿಗ್ಗುತ್ತಿದ್ದವನು ನಾನು.

ಇಂದು ಠಾಣೆಗೆ ಹೊರಟಾಗ ತಮ್ಮ ಗೇಟಿಗೆ ಅಡ್ಡ ನಿಂತು, "ಅಣ್ಣಾ, ಮನೆ ಮಾತನ್ನ ಬೀದಿಗೆ ಯಾಕೆ ತರ್ತೀರಾ?" ಎಂದ. ಮನೆಯ ಕಸ ಬೀದಿಗೆ ಬಂದು ನಾಲ್ಕು ತಿಂಗಳಾಯಿತಲ್ಲೋ, ಮಾತು ಬಂದರೇನು ಎಂದೆ. ಅವನು ಗೇಟು ಬಿಟ್ಟ.

ಗಾಡಿಯಕ್ಕ ನಿರಪರಾಧಿ. ಆಕೆಯನ್ನು ನಾಳೆಯಿಂದಲೇ ಕೆಲಸಕ್ಕೆ ಸೇರಿಸಿಕೊಳ್ಳಬೇಕು, ತಪ್ಪಿದ ದಿನಗಳ ಕೂಲಿ ನನ್ನಿಂದ ವಸೂಲಾಗಬೇಕು. ಹೆಂಡತಿ ಮತ್ತು ತಮ್ಮನ ವಿರುದ್ಧ ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ನನ್ನ ಮೇಲೂ ಕ್ರಮ ಆಗಲಿ. ತೂಕದ ಶುಲ್ಕ ಸರಿಯೆಂದು ಈಗಲೂ ವಾದಿಸುತ್ತೇನೆ. ಅಡುಗೆಮನೆಯ ಹಾಳೆಯನ್ನು ಹರಿದು ಹಾಕಿದ್ದೇನೆ. ಆ ಮೂರನೆಯ ಚೀಲವನ್ನು ಗಾಡಿಯಕ್ಕನೇ ನಮ್ಮ ಬಾಗಿಲಿಗೆ ತಂದು, ಬೀದಿಯವರ ಎದುರು ತೂಗಿ, 27ನೇ ಮನೆಯ ಲೆಕ್ಕಕ್ಕೆ ಬರೆಯಲಿ. ತಕ್ಕಡಿಯ ಮುಳ್ಳನ್ನು ಈ ಸಲ ನಾನು ಕಣ್ಣು ಬಿಟ್ಟು ನೋಡುತ್ತೇನೆ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಓದಿದ್ದೇನೆ. ನಿಜ. ಹಿಂದಿನ ದೂರಿನ ಕೆಳಗೂ ಇದೇ ಪದ ಬರೆದು ಸಹಿ ಮಾಡಿದ್ದೆ. ಆ ಸಹಿಯನ್ನು ಹೊಡೆದುಹಾಕಬೇಕೆಂದು ಕೋರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 17, ಬೆಳಿಗ್ಗೆ 10.25
ಸಹಿ: (27ನೇ ಮನೆಯ ಲೈಬ್ರರಿ ಮೇಷ್ಟ್ರು)