ಹೊಡೆದ ಕಾಯಿ

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಶಂಕರಮ್ಮನ ಕಿವಿ, ಪಕ್ಕದ ವಾರಗಿತ್ತಿಯರಿಬ್ಬರ ಮಾತಿನ ಕಡೆಗೆ ತಾನಾಗಿ ವಾಲಿತು. ಹಿರಿಯಾಕೆಯ ಮಗನಿಗೆ ಹೆಣ್ಣು ನೋಡಿಕೊಂಡು ಊರಿಗೆ ಹೊರಟಿದ್ದರು.

"ಹೋಗ್ಲಿ ಬಿಡಕ್ಕ. ಊಟ ಆದ್ಮೇಲೆ ಹೊತ್ತು ಹೋಗ್ಲಿ ಅಂತ ಹುಡ್ಗಿ ಜೊತೆ ಚೌಕಾಬಾರ ಆಡಿದ್ದು."

"ಹಣ್ಣಾಗೋಕೆ ಒಂದೇ ಮನೆ ಇತ್ತು ಕಣೇ ನನ್ ಕಾಯಿ. ಅತ್ತೆ ಆಗೋಳು ಅಂತಾನೂ ನೋಡ್ದೆ ಹೊಡ್ದಾಕ್ಬಿಟ್ಳು!"

"ಹೊಡ್ದು ನಕ್ಳು ಬೇರೆ."

"ಕವಡೆ ಕುಲುಕ್ತಾ ನಕ್ಳು."

"ಹಂಗಾದ್ರೆ ಈ ಸಂಬಂಧ ಬ್ಯಾಡ ಅಂತ ಹೇಳ್ಕಳ್ಸಣ."

"ಯಾರೇ ಬ್ಯಾಡ ಅಂದೋರು? ನಾಳೆನೇ ಒಪ್ಪಿಗೆ ಅಂತ ಹೇಳ್ಕಳ್ಸು."

"ಅಲ್ಲಕ್ಕ, ನಿನ್ನೇ ಸೋಲಿಸ್ದೋಳು!"

"ಅದಕ್ಕೇ ಕಣೇ. ನಮ್ಮನೇಲಿ ಒಬ್ಳಿದಾಳೆ. ಮದ್ವೆಯಾಗಿ ಬಂದಾಗ್ನಿಂದ, ನಂಗೆ ಬೇಜಾರಾಗ್ತದೆ ಅಂತ ಬೇಕಂತ್ಲೇ ಸೋಲ್ತಾಳೆ. ನಾಲ್ಕು ಬಿದ್ರೆ, ಬೆರಳಲ್ಲಿ ಮೆಲ್ಲಗೆ ಒಂದು ಕವಡೆ ಮಗುಚಿ ಮೂರು ಅಂತಾಳೆ."

ಕಿರಿಯಾಕೆ ಮೆಲ್ಲಗೆ ತನ್ನ ಬೆರಳು ಮಡಚಿಕೊಂಡಳು. ಶಂಕರಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಗೊತ್ತಿತ್ತಾ ಅಕ್ಕ ನಿಂಗೆ?"

ಅಷ್ಟರಲ್ಲಿ ಕಡೂರಿನ ಬಸ್ ಬಂತು. ಹಿರಿಯಾಕೆ ಎಲ್ಲರನ್ನೂ ತಳ್ಳಿಕೊಂಡು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು:

"ಬೇಗ ಹತ್ತೇ! ಸಂಜೆ ಒಂದಾಟ ಹಾಕಣ. ಸೊಸೆ ಬರೋ ಮುಂಚೆ ನೀನೂ ಒಂದ್ಸಲ ಹೊಡ್ದು ನೋಡು."