ಉದ್ಯೋಗ ಏನಂತ ಬರೀಲಿ?

ಥೀಸಿಸ್‌ಗಳಿಗೆ ರಟ್ಟು ಹಾಕಿ ಹಾಕಿ ಕಣ್ಣು ಸವೆಸಿಕೊಂಡಿದ್ದ ಬೈಂಡರ್, ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಕಿವಿಗೆ ಮಾತ್ರ ಕೆಲಸವಿತ್ತು. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಫಾರಂ ತುಂಬುತ್ತಿದ್ದರು.

“ಉದ್ಯೋಗ ಏನಂತ ಬರೀಲಿ ರೀ?”

“ವಿಶ್ರಾಂತ ಕುಲಪತಿ.”

“ವಿಶ್ರಾಂತಾನಾ? ಯೂನಿವರ್ಸಿಟಿ ಬಿಟ್ಟ ಮೇಲೆ ಒಂದು ದಿನ ಮನೇಲಿ ಕೂತಿದ್ದೀರಾ?”

“ಹಾಗಾದ್ರೆ ಆಯೋಗದ ಅಧ್ಯಕ್ಷರು ಅಂತ ಬರಿ.”

“ಅದು ಹೋದ ತಿಂಗಳೇ ಮುಗೀತಲ್ಲ.”

“ಮುಗೀತಾ? ಮತ್ತೆ ನಿನ್ನೆ ಮೀಟಿಂಗಿಗೆ ಹೋಗಿದ್ದೆನಲ್ಲ?”

“ಅದು ಕುಡಿಯೋ ನೀರಿನ ಸಮಿತಿ. ಅಲ್ಲಿ ನೀವು ಬರೀ ಸದಸ್ಯರು.”

“ಮೇಷ್ಟ್ರು ಅಂತ ಬರಿ. ಶುರುವಾಗಿದ್ದು ಅಲ್ಲಿಂದ ತಾನೆ?”

“ನೀವು ಪಾಠ ಮಾಡಿ ಇಪ್ಪತ್ತೆರಡು ವರ್ಷ ಆಯ್ತು. ಮೊದಲು ಹೇಳಿದ್ದೇ ಇರ್ಲಿ ಬಿಡಿ.”

ಫಾರಂ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ನರ್ಸ್ ಬಾಗಿಲಿಂದ ಕೂಗಿದಳು.

“ವಿಶ್ರಾಂತ್ ಕುಲಪತಿ ಯಾರು? ಬನ್ನಿ.”

“ಯಾರನ್ನೋ ಕರೀತಿದ್ದಾರೆ ನೋಡು.”

“ನಿಮ್ಮನ್ನೇ ರೀ. ಏಳಿ.”

“ನನ್ನ ಹೆಸರು ಬರೀಲಿಲ್ವಾ ನೀನು?”

“ಅಯ್ಯೋ, ಉದ್ಯೋಗದ ಗಡಿಬಿಡೀಲಿ ಹೆಸರೇ ಬಿಟ್ಟುಹೋಯ್ತು.”

ಎರಡು ಜೊತೆ ಚಪ್ಪಲಿಗಳ ಸದ್ದು ನಿಧಾನವಾಗಿ ಬಾಗಿಲವರೆಗೆ ಹೋಗಿ ನಿಂತಿತು.

“ವಿಶ್ರಾಂತ್ ಅಂದ್ರೆ ನೀವೇನಾ ಸಾರ್?”



“ಹೂಂನಮ್ಮ. ಇವತ್ತಿಂದ.”

ಬಾಗಿಲು ಮುಚ್ಚಿಕೊಂಡಿತು.